ಬೀದರ್‌ನಿಂದ ಚಾಮರಾಜನಗರ: ಕಾರು ಇನ್ನೂ ಮನೆ ಮುಂದೇ ಇದೆ

ಆಗಸ್ಟ್ 17, 2025, ಭಾನುವಾರ

"ಬೀದರ್‌ನಿಂದ ಚಾಮರಾಜನಗರದವರೆಗೆ" ಅನ್ನೋ ಮಾತು ಕೇಳದೆ ಬೆಳೆದ ಕನ್ನಡಿಗ ಇರಲಿಕ್ಕಿಲ್ಲ. ಬಂದ್ ಆದರೂ ಅದೇ ಮಾತು, ಬರ ಬಂದರೂ ಅದೇ, ಎಲೆಕ್ಷನ್ ಬಂತೆಂದರೆ ದಿನಕ್ಕೆ ಹತ್ತು ಸಲ. ಮೊನ್ನೆ ಆಗಸ್ಟ್ 15ಕ್ಕೆ ಮಗನ ಶಾಲೆಯ ಭಾಷಣದಲ್ಲೂ ಬಂತು. ಮನೆಗೆ ಬರುವಾಗ ಸ್ಕೂಟರ್ ಹಿಂದೆ ಕೂತವನು ಕೇಳಿದ, "ಅಪ್ಪ, ನೀನು ಬೀದರಿಗೆ ಹೋಗಿದ್ದೀಯಾ?"

ಇಲ್ಲ. ಮೈಸೂರಲ್ಲಿ ಹುಟ್ಟಿದವನು ನಾನು. ಅರವತ್ತು ಕಿ.ಮೀ. ದೂರದ ಚಾಮರಾಜನಗರಕ್ಕೆ ಮದುವೆ, ನಾಮಕರಣ ಅಂತ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬೀದರನ್ನು ಮಾತ್ರ ಹವಾಮಾನ ವರದಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಹಾಗಾಗಿ ಈ ವರ್ಷದ ಪ್ರಾಜೆಕ್ಟ್ ಇದು: ಆ ಮಾತಿನ ಮೇಲೆ ಕಾರು ಓಡಿಸಿ ನೋಡೋದು. (ಹೋದ ವರ್ಷದ ಪ್ರಾಜೆಕ್ಟ್ ಅಕ್ವೇರಿಯಂ ಆಗಿತ್ತು. ಅದರಲ್ಲಿ ಈಗ ಈರುಳ್ಳಿ ಇಟ್ಟಿದ್ದಾರೆ.)

ಸಂಜೆ ಮ್ಯಾಪ್ ತೆಗೆದು ಕೂತಾಗ ಮೊದಲ ಆಶ್ಚರ್ಯ. ಹತ್ತಾರು ರಸ್ತೆ ಜೋಡಿಸಬೇಕಾಗುತ್ತೆ ಅಂದುಕೊಂಡಿದ್ದೆ, ನಿಜವಾಗಿ ಎರಡೇ ಸಾಕು. ಬೀದರ್‌ನಿಂದ ಹುಮನಾಬಾದ್, ಕಲಬುರಗಿ ದಾಟಿ ಜೇವರ್ಗಿವರೆಗೆ ರಾಷ್ಟ್ರೀಯ ಹೆದ್ದಾರಿ 50. ಜೇವರ್ಗಿಯಲ್ಲಿ 150ಎ ಹಿಡಿದರೆ ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಹುಳಿಯಾರು, ನಾಗಮಂಗಲ, ಶ್ರೀರಂಗಪಟ್ಟಣ, ಮೈಸೂರು, ಕೊನೆಗೆ ಚಾಮರಾಜನಗರ. ಒಂದೇ ನಂಬರು! ನಮ್ಮೂರ ಮೂಲಕವೇ ಹೋಗೋ ರಸ್ತೆಯ ಇನ್ನೊಂದು ತುದಿ ಭೀಮಾ ತೀರದ ಹತ್ತಿರ ಇದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅಪ್ಪನಿಗೆ ಗೊತ್ತಿತ್ತು. ಅಪ್ಪ ಬಸ್ ಡ್ರೈವರ್ ಆಗಿ ರಿಟೈರ್ ಆದವರು, ಆ ಕಡೆಯ ರೂಟಿನಲ್ಲಿ ವರ್ಷಗಟ್ಟಲೆ ಓಡಾಡಿದ್ದಾರೆ. "ಅದಾ? ಅದು ಬೀದರ್–ಶ್ರೀರಂಗಪಟ್ಟಣ ರೋಡು. ಈಗ ಏನೋ ನಂಬರ್ ಕೊಟ್ಟವ್ರೆ" ಅಂದು ಟೀವಿ ಕಡೆ ತಿರುಗಿದರು.

ಸೆಪ್ಟೆಂಬರ್ 7

ಎರಡು ತಲೆನೋವು.

ಒಂದು, ಬೀದರ್‌ನಿಂದ ಹೊರಡಬೇಕು ಅಂದರೆ ಮೊದಲು ಬೀದರಿಗೆ ಹೋಗಬೇಕು. ಇದನ್ನು ಹೆಂಡತಿ ಹೇಳುವವರೆಗೂ ನಾನು ಯೋಚನೆಯೇ ಮಾಡಿರಲಿಲ್ಲ. "ಇಲ್ಲಿಂದ ಬೀದರಿಗೆ ಹೋದಾಗಲೇ ರಾಜ್ಯ ಪೂರ್ತಿ ದಾಟಿದ ಹಾಗಾಯ್ತಲ್ವಾ, ವಾಪಸ್ ಬರೋದನ್ನ ಯಾಕೆ ಟ್ರಿಪ್ ಅಂತೀರಾ?" ಸರಿಯಾದ ಪ್ರಶ್ನೆ. ಆದರೆ ಮಾತು ಇರೋದು ಬೀದರ್‌ನಿಂದ ಚಾಮರಾಜನಗರಕ್ಕೆ, ಉಲ್ಟಾ ಅಲ್ಲ. ಕೊನೆಗೆ ರಾಜಿ ಆಯಿತು. ಹೋಗುವಾಗ ಬೇರೆ ದಾರಿ: ಚಿತ್ರದುರ್ಗ, ಹೊಸಪೇಟೆ, ಇಳಕಲ್, ವಿಜಯಪುರ, ಕಲಬುರಗಿ. ಚಿತ್ರದುರ್ಗದಿಂದ ಮೇಲಕ್ಕೆ ಪೂರ್ತಿ ಹೆದ್ದಾರಿ 50. ಬರುವಾಗ ನಮ್ಮ 150ಎ. ಹೋಗೋದು ಓಟ, ಬರೋದು ಟ್ರಿಪ್. ಇಳಕಲ್‌ನಲ್ಲಿ ಒಂದು ಗಂಟೆ ಸೀರೆಗೆ ಅಂತಲೂ ತೀರ್ಮಾನ ಆಯಿತು. ಅದು ರಾಜಿಯ ಎರಡನೇ ಕಲಂ.

ಎರಡನೆಯದು, ಯಾವಾಗ. ಮಗನಿಗೆ ದೊಡ್ಡ ರಜೆ ಇರೋದು ಏಪ್ರಿಲ್–ಮೇನಲ್ಲಿ. ಆಫೀಸಿನ ಕಲಬುರಗಿ ಗೆಳೆಯನಿಗೆ ಫೋನ್ ಮಾಡಿದರೆ ನಕ್ಕುಬಿಟ್ಟ. "ಬರ್ರಿ ಸರ, ಮನೀಗೇ ಬರ್ರಿ. ಆದ್ರ ಮೇದಾಗ ಮಾತ್ರ ಬರಬ್ಯಾಡ್ರಿ. ನಾವೇ ಹೊರಗ ಬರಂಗಿಲ್ಲ." ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟೋದು ಮಾಮೂಲಿ. ನಮ್ಮ ಕಾರಿನ ಎ.ಸಿ. ಮೈಸೂರಿನ ಸೆಖೆಗೇ ಉಸ್ಸಪ್ಪಾ ಅನ್ನುತ್ತೆ. ದಸರಾ ರಜೆ ಅಂದುಕೊಂಡೆ, ಅಪ್ಪ ಬೇಡ ಅಂದರು. "ಹೊಳೆ ಇನ್ನೂ ಇಳಿದಿರಲ್ಲ."

ಸೆಪ್ಟೆಂಬರ್ 30

ಅಪ್ಪ ಹೇಳಿದ್ದೇ ಆಯಿತು. ಭೀಮಾ ತುಂಬಿ ಬಂದು ಕಲಬುರಗಿ–ಜೇವರ್ಗಿ ನಡುವಿನ ಸೇತುವೆ ಮೇಲೆ ವಾಹನ ಬಿಡುತ್ತಿಲ್ಲ ಅಂತ ಗೆಳೆಯ ಫೋಟೋ ಕಳಿಸಿದ. ಹೊಲ ಯಾವುದು ಹೊಳೆ ಯಾವುದು ಗೊತ್ತಾಗೋದಿಲ್ಲ. ತೊಗರಿ ಎಲ್ಲ ನೀರಲ್ಲಿ ನಿಂತಿದೆ. ಟ್ರಿಪ್ ಬಗ್ಗೆ ಅವನ ಹತ್ತಿರ ಮಾತಾಡೋಕೆ ನಾಚಿಕೆ ಆಯಿತು, ಇಟ್ಟುಬಿಟ್ಟೆ.

ಡಿಸೆಂಬರ್ ಕೊನೆ ವಾರ ಅಂತ ಆಯಿತು.

ಅಕ್ಟೋಬರ್ 12, ಭಾನುವಾರ: ಟ್ರಯಲ್ ರನ್

ಮ್ಯಾಪ್ ಹೇಳೋ ಟೈಮನ್ನು ಅಪ್ಪ ನಂಬೋದಿಲ್ಲ. "ಕಿಲೋಮೀಟರ್ ನನಗೆ ಹೇಳ್ಬೇಡ, ಊರು ಎಷ್ಟು ಅಡ್ಡ ಬರ್ತವೆ ಹೇಳು" ಅನ್ನೋದು ಅವರ ಲೆಕ್ಕ. ಸರಿ, ನೋಡೇಬಿಡೋಣ ಅಂತ ಮೂರು ತಲೆಮಾರು ಸೇರಿ ಬೆಳಿಗ್ಗೆ ಆರಕ್ಕೆ ಮೈಸೂರಿಂದ ಹುಳಿಯಾರಿಗೆ ಹೊರಟೆವು. ಫೋನು ಮೂರು ಗಂಟೆ ಅಂದಿತ್ತು.

ಮಗನಿಗೆ ಒಂದು ಕೆಲಸ ಕೊಟ್ಟಿದ್ದೆ, ನಾಗಮಂಗಲ ದಾಟಿದ ಮೇಲೆ ಹಂಪ್ಸ್ ಎಣಿಸೋದು. ನೋಟ್‌ಬುಕ್ಕಲ್ಲಿ ಗೀಟು ಹಾಕುತ್ತಾ ಇಪ್ಪತ್ತೊಂಬತ್ತರವರೆಗೆ ಬಂದ, ಆಮೇಲೆ ಪೆನ್ಸಿಲ್ ಹಿಡಿದುಕೊಂಡೇ ನಿದ್ದೆ ಹೋದ. ಕೆಲವಕ್ಕೆ ಬಿಳಿ ಪಟ್ಟಿ ಇದೆ. ಕೆಲವಕ್ಕೆ ಇಲ್ಲ, ಮೇಲೆ ಹತ್ತಿದಾಗಲೇ ಗೊತ್ತಾಗೋದು. ಶಾಲೆ ಮುಂದೆ ಒಂದು, ಗುಡಿ ಮುಂದೆ ಒಂದು, ಊರು ಮುಗಿಯೋ ಹೊತ್ತಿಗೆ ಒಂದು, ಅದರ ಮೇಲೆ ಯಾರದೋ ಎಮ್ಮೆ ಒಂದು. ಹುಳಿಯಾರು ಮುಟ್ಟಿದಾಗ ಹತ್ತೂಕಾಲು. ಅರ್ಧ ಗಂಟೆ ತಿಂಡಿಗೆ ಬಿಟ್ಟರೂ ಮುಕ್ಕಾಲು ಗಂಟೆ ಜಾಸ್ತಿ. ರಸ್ತೆ ಚೆನ್ನಾಗಿಲ್ಲ ಅಂತ ಅಲ್ಲ, ಬಹುಪಾಲು ಚೆನ್ನಾಗಿದೆ. ಆದರೆ ಇದು ಊರುಗಳ ಮಧ್ಯೆ ಹೋಗೋ ಹೆದ್ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಅಭ್ಯಾಸ ಆದವರಿಗೆ ಇಲ್ಲಿ ಕಾಲು ಬ್ರೇಕಿನ ಮೇಲೇ ಇರುತ್ತೆ.

ದಾರಿಯಲ್ಲಿ ಅಪ್ಪ ಇನ್ನೊಂದು ಹೇಳಿದರು. ಡಿಸೆಂಬರ್ ಕೊನೆಗೆ ಬಂದರೆ ಈ ಕಡೆ ರಸ್ತೆಯೇ ಕಣ. ರಾಗಿ, ಹುರುಳಿ ಎಲ್ಲ ತಂದು ಟಾರಿನ ಮೇಲೆ ಹರಡುತ್ತಾರೆ, ಓಡಾಡೋ ಗಾಡಿಗಳೇ ಒಕ್ಕಣೆ ಮಾಡಬೇಕು. ಬಸ್ಸು ಲಾರಿಗೆ ಪರವಾಗಿಲ್ಲ. ಕಾರು ತಗ್ಗು, ಹುರುಳಿ ಬಳ್ಳಿ ಆ್ಯಕ್ಸಲ್‌ಗೆ ಸುತ್ತಿಕೊಳ್ಳುತ್ತೆ, ಸೈಲೆನ್ಸರ್ ಬಿಸಿಗೆ ಹೊಗೆ ಶುರುವಾಗುತ್ತೆ. ಬೈಕಿನವರು ಜಾರಿ ಬೀಳೋದು ಬೇರೆ. "ಹುಲ್ಲು ಕಂಡ್ರೆ ಪಕ್ಕಕ್ಕೆ ಇಳ್ಸು. ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡು." ಇದು ಯಾವ ಆ್ಯಪಲ್ಲೂ ಬರೋದಿಲ್ಲ. ಬರೆದುಕೊಂಡೆ.

ವಾಪಸ್ ಬರುವಾಗ ಚಿಕ್ಕನಾಯಕನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಟೆಂಪರೇಚರ್ ಮುಳ್ಳು ಮೇಲೆ ಹೋಗತೊಡಗಿತು. ತೆಂಗಿನ ತೋಟದ ನೆರಳಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದರೆ ಸಿಹಿ ಸಿಹಿ ವಾಸನೆ, ಕೆಳಗೆ ಹಸಿರು ನೀರು ಹನಿ ಹನಿ. ನಾನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ, ಅಪ್ಪ ಕೈ ಮೇಲೆ ಹೊಡೆದರು, ನಿಜವಾಗಿಯೂ ಹೊಡೆದರು. ಅರ್ಧ ಗಂಟೆ ಸುಮ್ನೆ ಕೂತೆವು. ಆರಿದ ಮೇಲೆ ಒದ್ದೆ ಟವೆಲ್ ಹಾಕಿ ಮುಚ್ಚಳ ಸ್ವಲ್ಪ ಸ್ವಲ್ಪವೇ ತಿರುಗಿಸಿ ಅವರೇ ನೀರು ಹಾಕಿದರು. ವಾರದ ಹಿಂದಷ್ಟೇ ಸರ್ವಿಸ್ ಮಾಡಿಸಿದ್ದೆ. ಹೊಸ ಹೋಸ್ ಪೈಪ್ ಅಂತ ಬಿಲ್ ಕೊಟ್ಟಿದ್ದರು, ಪೈಪ್ ಹೊಸದೇ, ಅದನ್ನು ಬಿಗಿಯೋ ಕ್ಲಿಪ್ ಮಾತ್ರ ಹಳೇದು, ತುಕ್ಕು ಹಿಡಿದು ಸಡಿಲ. ವಾಪಸ್ ನಿಧಾನಕ್ಕೆ ಊರೊಳಗೆ ಹೋಗಿ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ಕ್ಲಿಪ್ ಹಾಕಿಸಿದೆವು. ನಲವತ್ತು ರೂಪಾಯಿ. ಅವನು ಇನ್ನೆರಡು ಕ್ಲಿಪ್ಪು ಕೈಗೆ ಕೊಟ್ಟು "ಇಟ್ಕಳಿ ಸಾರ್" ಅಂದ. ಅವು ಈಗ ಡ್ಯಾಶ್‌ಬೋರ್ಡಲ್ಲಿವೆ. ಇದೇ ಮಸ್ಕಿ ಹತ್ತಿರ ಮಧ್ಯಾಹ್ನ ಎರಡು ಗಂಟೆಗೆ ಆಗಿದ್ದರೆ?

ನವೆಂಬರ್ 2

ಮಸ್ಕಿ ಅಂದೆನಲ್ಲ. ಈ ವಾರ ಪೂರ್ತಿ ಅದೇ ಗುಂಗು.

ಎಲ್ಲೆಲ್ಲಿ ನಿಲ್ಲಬೇಕು ಅಂತ ಪಟ್ಟಿ ಮಾಡುತ್ತಾ ಕೂತಾಗ ಒಂದೇ ಹೆಸರು ಪದೇ ಪದೇ ಬರತೊಡಗಿತು: ಅಶೋಕ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಅವನ ಉಬ್ಬುಶಿಲ್ಪ ಸಿಕ್ಕಿದೆ, ಪಕ್ಕದಲ್ಲಿ ಹೆಸರನ್ನೂ ಕೆತ್ತಿದ್ದಾರೆ. ಮಸ್ಕಿ ನಮ್ಮ ಹೆದ್ದಾರಿ ಮೇಲೇ ಇದೆ, ಲಿಂಗಸುಗೂರು–ಸಿಂಧನೂರು ನಡುವೆ. 1915ರಲ್ಲಿ ಅಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ "ದೇವಾನಂಪಿಯ" (ದೇವರಿಗೆ ಪ್ರಿಯನಾದವನು) ಅನ್ನೋ ಬಿರುದಿನ ಜೊತೆಗೆ "ಅಸೋಕ" ಅಂತ ಹೆಸರೂ ಇತ್ತು. ಅಲ್ಲಿವರೆಗೆ ಶಾಸನಗಳ ದೇವಾನಂಪಿಯ ಯಾರು ಅಂತ ಬರೀ ಊಹೆ. ಅದನ್ನು ಕಂಡವರು ಪುರಾತತ್ವದವರೂ ಅಲ್ಲ, ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಸಿ. ಬೀಡನ್. ಹಟ್ಟಿ ಚಿನ್ನದ ಗಣಿ ಅಲ್ಲೇ ಲಿಂಗಸುಗೂರಿನ ಕಡೆ ಇದೆ, ಹಾಗಾಗಿ ಅವನು ಅಲ್ಲಿ ಓಡಾಡಿದ್ದು ಆಶ್ಚರ್ಯವಲ್ಲ. ತುಂಗಭದ್ರಾ ದಾಟಿದರೆ ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳ, ಅಲ್ಲೂ ಅಶೋಕನ ಶಾಸನಗಳೇ. ಬಳ್ಳಾರಿ ಬಿಟ್ಟು ಮುಂದೆ ಮೊಳಕಾಲ್ಮುರು ತಾಲ್ಲೂಕಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಹತ್ತಿರ ಹತ್ತಿರ.

ಅಂದರೆ ಇವತ್ತಿನ 150ಎ ಅಕ್ಕಪಕ್ಕದಲ್ಲೇ ಇಷ್ಟೆಲ್ಲ. ಆಗಲೂ ಜನ ಹೆಚ್ಚೂಕಮ್ಮಿ ಇದೇ ದಾರಿಯಲ್ಲಿ ಓಡಾಡುತ್ತಿದ್ದರೋ ಏನೋ, ನನಗಂತೂ ಹಾಗೇ ಅನಿಸುತ್ತೆ. ಓಡಾಟ ಇಲ್ಲದ ಕಡೆ ಬಂಡೆ ಮೇಲೆ ಬರೆಸಿ ಯಾರಿಗೆ ಓದಿಸೋದು?

ನನಗೆ ಜಾಸ್ತಿ ಹಿಡಿಸಿದ್ದು ಬ್ರಹ್ಮಗಿರಿಯ ಲಿಪಿಕಾರ. ಹೆಸರು ಚಪಡ. ಶಾಸನ ಇರೋದು ಬ್ರಾಹ್ಮಿ ಲಿಪಿಯಲ್ಲಿ. ಕೊನೆಗೆ ತನ್ನ ಹೆಸರು ಬರೆದು "ಲಿಪಿಕಾರ" ಅನ್ನೋ ಅರ್ಥದ ಪದ ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಬರೆಯೋದು. ಮೊಳಕಾಲ್ಮುರಿನಲ್ಲಿ ಅದನ್ನು ಓದೋರು ಯಾರಿದ್ದರು? ಸುಮ್ನೆ, ನನಗೂ ಬರುತ್ತೆ ಅಂತ ತೋರಿಸಿಕೊಂಡಿದ್ದಾನೆ ಅನಿಸುತ್ತೆ. ಲಾರಿ ಹಿಂದೆ ಪೇಂಟರ್ ಮೂಲೆಯಲ್ಲಿ ತನ್ನ ಹೆಸರು ಬರೆಯೋ ಹಾಗೆ. ಮಗನಿಗೆ ಹೇಳಿದೆ, ಅವನಿಗೆ ಖುಷಿಯೋ ಖುಷಿ, ನೋಟ್‌ಬುಕ್ಕಿನ ಎಲ್ಲಾ ಪುಟದಲ್ಲೂ ಈಗ ತನ್ನ ಹೆಸರು ಉಲ್ಟಾ.

ಸನ್ನತಿಗೆ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು, ಅರ್ಧ ದಿನ ಬೇಕೇ ಬೇಕು. ಅದಕ್ಕೋಸ್ಕರ ಬಳ್ಳಾರಿ ಕೋಟೆ ಬಿಡಬೇಕಾ ಅಂತ ಇನ್ನೂ ಜಗಳ ನಡೀತಿದೆ, ನನ್ನ ಜೊತೆ ನಾನೇ.

ನವೆಂಬರ್ 23

ಈಗಿನ ಸ್ಥಿತಿ. ಡಿಸೆಂಬರ್ 24 ಬುಧವಾರ ಬೆಳಿಗ್ಗೆ ಐದಕ್ಕೆ ಹೊರಡೋದು, ಮೊದಲ ರಾತ್ರಿ ಹೊಸಪೇಟೆ, ಎರಡನೇ ರಾತ್ರಿ ಕಲಬುರಗಿ. ಮೂರನೇ ದಿನ ಪೂರ್ತಿ ಬೀದರಿಗೆ. ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಆಮೇಲೆ ಬಿದ್ರಿ ಕೆಲಸ ಮಾಡೋರ ಬೀದಿ. ಸತುವು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ತಂತಿ ಕೂರಿಸಿ, ಕೋಟೆಯೊಳಗಿನ ಮಣ್ಣು ಹಾಕಿ ಕಪ್ಪು ಮಾಡುತ್ತಾರಲ್ಲ, ಆ ಕಪ್ಪಾಗೋ ಗಳಿಗೆ ನೋಡಬೇಕು ಅಂತ ನನ್ನಾಸೆ. ನಾಲ್ಕನೇ ದಿನ ಬೆಳಿಗ್ಗೆ ಬೀದರ್ ಕೋಟೆ ಬಾಗಿಲಲ್ಲಿ ಕಾರಿನ ಮೀಟರ್ ಸೊನ್ನೆ ಮಾಡಿ ಹೊರಡೋದು. ಲಿಂಗಸುಗೂರು, ಬಳ್ಳಾರಿ, ಹಿರಿಯೂರು, ಹೀಗೆ ಮೂರು ರಾತ್ರಿ. 30ನೇ ತಾರೀಕು ಚಾಮರಾಜೇಶ್ವರ ದೇವಸ್ಥಾನದ ಮುಂದೆ ನಿಲ್ಲಬೇಕು.

ಹಿರಿಯೂರಲ್ಲಿ ಉಳಿಯೋದು ವಾಣಿವಿಲಾಸ ಸಾಗರಕ್ಕೋಸ್ಕರ. 1933ರಲ್ಲಿ ಕೋಡಿ ಬಿದ್ದಿದ್ದ ಡ್ಯಾಮು ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಆದಮೇಲೆ. ಅಪ್ಪ ಅಷ್ಟು ವರ್ಷ ಹಿರಿಯೂರಲ್ಲಿ ಚಾ ಕುಡಿದಿದ್ದಾರೆ, ಡ್ಯಾಮು ಮಾತ್ರ ನೋಡಿಲ್ಲವಂತೆ. "ಡ್ಯೂಟಿ ಮೇಲೆ ಹೋದೋನು ಡ್ಯಾಮ್ ನೋಡ್ತಾನಾ?"

ಖರ್ಚು: ಅಡ್ಡದಾರಿ ಸೇರಿ 1,900 ಕಿ.ಮೀ. ಅದರಲ್ಲಿ ನಿಜವಾದ ಬೀದರ್–ಚಾಮರಾಜನಗರ 800 ಚಿಲ್ಲರೆ. ಲೀಟರಿಗೆ 16 ಹಿಡಿದರೆ 120 ಲೀಟರ್ ಹತ್ತಿರ, ಪೆಟ್ರೋಲಿಗೇ ಹನ್ನೆರಡು ಸಾವಿರದ ಮೇಲೆ. 3,000 ರೂಪಾಯಿಯ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಯೋಚನೆ ಮಾಡಿದೆ, ಇದೊಂದು ಟ್ರಿಪ್ಪಿಗೆ ಗಿಟ್ಟೋದಿಲ್ಲ, ಬಿಟ್ಟೆ. ಊಟಕ್ಕೆ ಬಜೆಟ್ ಇಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯಿಂದ ಶುರುವಾಗಿ ಬಳ್ಳಾರಿಯ ಒಗ್ಗರಣೆ–ಮಿರ್ಚಿ ದಾಟಿ ಮುದ್ದೆಗೆ ಬಂದು ಮುಟ್ಟಬೇಕು. ಎಲ್ಲಿ ರೊಟ್ಟಿ ನಿಂತು ಮುದ್ದೆ ಶುರುವಾಗುತ್ತೆ ಅಂತ ಗುರುತು ಹಾಕಿಕೊಳ್ಳೋದು ಹೆಂಡತಿಯ ಪ್ರಾಜೆಕ್ಟ್. ಚಳ್ಳಕೆರೆ ಅಂತ ಅವಳ ಅಂದಾಜು, ನಾನು ಇನ್ನೂ ಮೇಲೆ ಅಂತೀನಿ.

ಒಂದೇ ಕಟ್ಟುನಿಟ್ಟು: ಸಂಜೆ ಆರರ ಮೇಲೆ ಗಾಡಿ ಓಡಿಸಬಾರದು. ಸಿಂಧನೂರು–ಸಿರುಗುಪ್ಪ ಕಡೆ ಭತ್ತದ ಟ್ರ್ಯಾಕ್ಟರು, ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರು. ಹಿಂದೆ ಲೈಟ್ ಇರೋದಿಲ್ಲ, ಎದುರಿಗೆ ಬಂದಾಗ ಒಂದೇ ಲೈಟು, ಬೈಕ್ ಅಂದುಕೊಂಡು ಹತ್ತಿರ ಹೋಗಿಬಿಡುತ್ತೀವಿ.

ಬಾಕಿ ಇರೋದು: ಲಿಂಗಸುಗೂರು ಲಾಡ್ಜ್ ಇನ್ನೂ ಬುಕ್ ಆಗಿಲ್ಲ, ಫೋನ್ ಎತ್ತಿದವರು "ಬಂದಾಗ ನೋಡೋಣ್ರಿ" ಅಂತಾರೆ. ಮುಂದಿನ ಎರಡು ಟೈರ್ ಬದಲಾಯಿಸಬೇಕು. ಸನ್ನತಿ ತೀರ್ಮಾನ ಆಗಿಲ್ಲ.

ಅಪ್ಪ ಬರೋದಿಲ್ಲವಂತೆ, ಏಳು ದಿನ ಕೂರೋಕೆ ಸೊಂಟ ಕೇಳಲ್ಲ ಅಂತ. ಒತ್ತಾಯ ಮಾಡಿಲ್ಲ. ಇವತ್ತು ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಕಾರಿನ ಡಿಕ್ಕಿ ತೆಗೆದು ಸ್ಟೆಪ್ನಿ ಹೊರಗೆ ಇಟ್ಟಿದ್ದರು, ಜಾಕ್ ಪಕ್ಕದಲ್ಲಿ, ಅದಕ್ಕೆ ಗ್ರೀಸ್ ಹಚ್ಚುತ್ತಾ ಕೂತಿದ್ದರು. "ಇದರಲ್ಲಿ ಗಾಳೀನೇ ಇಲ್ವಲ್ಲೋ. ಬೀದರಿಗೆ ಹೋಗ್ತಾನಂತೆ."