ಅವಸರದ ಹೆಸರು

ತಾವು ಬರೆದ ತಂತ್ರಾಂಶಕ್ಕೆ ‘ಕ್ವಿಕ್ ಅಂಡ್ ಡರ್ಟಿ ಆಪರೇಟಿಂಗ್ ಸಿಸ್ಟಮ್’ ಎಂದು ಹೆಸರಿಟ್ಟ ಟಿಮ್ ಪ್ಯಾಟರ್ಸನ್ ನನಗೆ ಬಹಳ ಇಷ್ಟ. ಅವಸರದಲ್ಲಿ ಮುಗಿಸಿದ ಒರಟು ಕೆಲಸ ಎಂದು ಸ್ವತಃ ಒಪ್ಪಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ? ಆ ಹೆಸರು ಚಿಕ್ಕದಾಗಿ ಕ್ಯೂಡಾಸ್.

ಅವಸರಕ್ಕೆ ಕಾರಣವೂ ಇತ್ತು. ಅವರಿದ್ದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿ ಇಂಟೆಲ್ 8086 ಚಿಪ್‌ನ ಬೋರ್ಡ್ ತಯಾರಿಸಿ ಮಾರಾಟಕ್ಕಿಟ್ಟಿತ್ತು. ಅದರ ಮೇಲೆ ಓಡಬೇಕಿದ್ದ ಸಿಪಿ/ಎಂ-86 ಎಂಬ ಆಪರೇಟಿಂಗ್ ಸಿಸ್ಟಮ್ ಮಾತ್ರ ಬರುವ ಸೂಚನೆಯೇ ಇರಲಿಲ್ಲ. ಕಾದು ಬೇಸತ್ತ ಪ್ಯಾಟರ್ಸನ್ 1980ರಲ್ಲಿ ಕೆಲವೇ ತಿಂಗಳುಗಳಲ್ಲಿ ತಾವೇ ಒಂದನ್ನು ಬರೆದರು. ಹಳೆಯ ಪ್ರೋಗ್ರಾಂಗಳನ್ನು ಸುಲಭವಾಗಿ ಹೊಂದಿಸಿಕೊಳ್ಳಲೆಂದು ಗ್ಯಾರಿ ಕಿಲ್ಡಾಲ್ ಎಂಬವರು ಮೊದಲೇ ಬರೆದಿದ್ದ ಸಿಪಿ/ಎಂನ ಕರೆಗಳನ್ನೇ, ಅಂದರೆ ಪ್ರೋಗ್ರಾಂಗಳು ಆಪರೇಟಿಂಗ್ ಸಿಸ್ಟಮ್‌ನಿಂದ ಕೆಲಸ ಮಾಡಿಸಿಕೊಳ್ಳುವ ಆದೇಶಗಳನ್ನೇ, ಅನುಸರಿಸಿದರು. ಫೈಲುಗಳ ಲೆಕ್ಕವಿಡುವ ವ್ಯವಸ್ಥೆ ಮಾತ್ರ ಬೇರೆ. ಇದು ನಕಲೋ ಅಲ್ಲವೋ ಎಂಬ ಜಗಳ ಮುಂದೆ ವರ್ಷಗಟ್ಟಲೆ ನಡೆಯಿತು. ನನಗಂತೂ ಕಿಲ್ಡಾಲ್ ಅವರ ಸಿಟ್ಟು ಅರ್ಥವಾಗುತ್ತದೆ.

ಮಾರುವಾಗ ‘ಡರ್ಟಿ’ ಎಂದರೆ ಕೊಳ್ಳುವವರು ಯಾರು? ಹೆಸರು 86-ಡಾಸ್ ಆಯಿತು. 1981ರ ಜುಲೈನಲ್ಲಿ ಮೈಕ್ರೋಸಾಫ್ಟ್ 50,000 ಡಾಲರ್ ಕೊಟ್ಟು ಪೂರ್ತಿ ಹಕ್ಕು ಕೊಂಡಿತು. ಅದಕ್ಕೂ ಮುಂಚೆ ಪರವಾನಗಿಗೆಂದು 25,000 ಕೊಟ್ಟಿತ್ತು. ಹಿಂದಿರುವ ದೊಡ್ಡ ಗಿರಾಕಿ ಐಬಿಎಂ ಎಂಬ ಗುಟ್ಟನ್ನು ಮಾತ್ರ ವ್ಯವಹಾರ ಕುದುರಿಸುವಾಗ ಬಿಟ್ಟುಕೊಡಲಿಲ್ಲ. ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂತು, ಅದರೊಳಗೆ ಇದೇ ತಂತ್ರಾಂಶ ಪಿಸಿ ಡಾಸ್ ಆಗಿ. ಉಳಿದ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಎಂಎಸ್-ಡಾಸ್.

ಸಿಯಾಟಲ್ ಕಂಪನಿ ಆಮೇಲೆ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿ, 1986ರಲ್ಲಿ 9,25,000 ಡಾಲರ್‌ಗೆ ರಾಜಿ ಮಾಡಿಕೊಂಡಿತು. ಪ್ಯಾಟರ್ಸನ್ ಅಷ್ಟರಲ್ಲಿ ಮೈಕ್ರೋಸಾಫ್ಟ್‌ನಲ್ಲೂ ಕೆಲಸ ಮಾಡಿ ಬಂದಿದ್ದರು.