ನವಲಪರಾಸಿಯ ಹಿತ್ತಿಲಲ್ಲಿ ಐದು ಕಿಲೋ ಮೊಳೆ

ಗೋರಖಪುರದಿಂದ ಸೋನೌಲಿಗೆ ಬಸ್ಸು, ಗಡಿ ದಾಟಿದರೆ ನೇಪಾಳದ ಭೈರಹವಾ, ಅಲ್ಲಿಂದ ಪೂರ್ವಕ್ಕೆ ನವಲಪರಾಸಿ. ಅಲ್ಲಿನ ಮನೆಗಳಿಗೆ ನೀರಿನ ಸೋಸುಗ ಕಟ್ಟಿಕೊಡುವ ಸ್ವಯಂಸೇವೆಗೆ ಹೋಗುವ ದಾರಿಯಿದು. ದಾರಿಯಲ್ಲಿ ಧೂಳು, ಲಾರಿ, ಗದ್ದೆ ಬಿಟ್ಟರೆ ಹೇಳುವಂಥದ್ದೇನಿಲ್ಲ. ಭಾರತೀಯರಿಗೆ ವೀಸಾ ಬೇಡ. ಬೇರೆ ದೇಶದ ಗೆಳೆಯರು ಜೊತೆಗಿದ್ದರೆ ಮಾತ್ರ ಜೋಕೆ: ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೂ ಅಲ್ಲಿ ಅನುಮತಿಯಿಲ್ಲ.

ಹಿಮಾಲಯದ ಬುಡದ ತಗ್ಗುನೆಲವಾದ ತರಾಯಿಯ ಈ ಬಯಲಲ್ಲಿ ಮನೆಮನೆಗೂ ಕೈಪಂಪು. ಕೆರೆ–ಹೊಳೆಯ ನೀರು ಕುಡಿದು ವಾಂತಿಭೇದಿ ಆಗದಿರಲೆಂದು ಹಾಕಿಸಿದ್ದು. ಆ ಒಳ್ಳೆಯ ಕೆಲಸವೇ ತಿರುಗಿಬಿತ್ತು. ಹಿಮಾಲಯದಿಂದ ಬಂದ ಹೂಳಿನಲ್ಲಿ ಆರ್ಸೆನಿಕ್ ಎಂಬ ವಿಷವಿದೆ. ಆಮ್ಲಜನಕವಿಲ್ಲದ ಆಳದಲ್ಲಿ ಅದು ನೀರಿಗೆ ಬಿಡುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲಿನಲ್ಲಿ ಗಂಟುಗಂಟಾಗಿ ಚರ್ಮ ಗಟ್ಟಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ನೇಪಾಳ 2005ರಲ್ಲಿ ಹಾಕಿಕೊಂಡದ್ದು 50.

ಇದಕ್ಕೆ ಅಲ್ಲಿರುವ ಉಪಾಯ ‘ಕಂಚನ್’ ಸೋಸುಗ. ಕಾಂಕ್ರೀಟ್ ಪೆಟ್ಟಿಗೆಯ ತಳಕ್ಕೆ ಜಲ್ಲಿ, ಅದರ ಮೇಲೆ ಸಣ್ಣ ಮರಳು, ಎಲ್ಲಕ್ಕೂ ಮೇಲೆ ತೂತಿನ ಬೋಗುಣಿ. ಅದರಲ್ಲಿ 5 ಕಿಲೋ ಸಣ್ಣ ಕಬ್ಬಿಣದ ಮೊಳೆ, ಮೇಲೆ ಇಟ್ಟಿಗೆ ಚೂರು. ಮೊಳೆ ತುಕ್ಕು ಹಿಡಿಯುತ್ತದೆ, ಆರ್ಸೆನಿಕ್ ತುಕ್ಕಿಗೆ ಅಂಟುತ್ತದೆ, ಉದುರಿದ ತುಕ್ಕು ಕೆಳಗಿನ ಮರಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದರೆ ಇಲ್ಲಿ ತುಕ್ಕೇ ಔಷಧಿ. ಇದು ಗೊತ್ತಿಲ್ಲದೆ ಅಂಗಡಿಯವನು ಕೊಟ್ಟ ಫಳಫಳ ಹೊಳೆಯುವ ಸತುವಿನ ಲೇಪದ ಮೊಳೆ ತಂದು ಸುರಿದರೆ ಕಥೆ ಮುಗಿಯಿತು. ನೀರೇನೋ ತಿಳಿಯಾಗಿ ಬರುತ್ತದೆ, ವಿಷ ಹಾಗೇ ಇರುತ್ತದೆ. ಕೊಳ್ಳುವ ಮುಂಚೆ ನಾಲ್ಕು ಮೊಳೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ. ಎರಡು ದಿನಕ್ಕೆ ಕೆಂಪಾಗದಿದ್ದರೆ ಬೇಡ.

ನಿಜವಾದ ಬೆವರು ಮರಳಿಗೆ. ಜಲ್ಲಿಯನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು, ಸಣ್ಣ ಮರಳನ್ನು ಹಾಗೆ ತೊಳೆಯಬಾರದು. ಪರೀಕ್ಷೆ ಸುಲಭ: ಗಾಜಿನ ಜಾಡಿಯಲ್ಲಿ ಮರಳು, ನೀರು ಹಾಕಿ ತಿರುಗಿಸಿ, ನಾಲ್ಕು ಸೆಕೆಂಡು ಬಿಟ್ಟು ಮೇಲಿಂದ ನೋಡಿ. ಮಬ್ಬಿನ ನಡುವೆ ಮರಳು ಕಂಡರೆ ಸಾಕು. ಹುರುಪಿನಲ್ಲಿ ಇನ್ನೂ ತೊಳೆದರೆ ನುಣ್ಣನೆಯ ಕಣಗಳೆಲ್ಲ ಹೋಗಿ ನೀರು ಜರ್ರನೆ ಇಳಿಯುತ್ತದೆ. ಕಾಂಕ್ರೀಟ್ ಪೆಟ್ಟಿಗೆಯ ನಳಿಗೆಯಿಂದ ಒಂದು ಲೀಟರು ನೀರು ಬರಲು ಎರಡೂವರೆ ನಿಮಿಷವಾದರೂ ಬೇಕು. ಪೆಟ್ಟಿಗೆಗೆ ಮೊದಲು ನೀರು, ಆಮೇಲೆ ಮರಳು. ಒಣಗಿದ್ದಕ್ಕೆ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸೋಸಿ ನಿಂತ ಮೇಲೆ ಮರಳಿನ ಮೇಲೆ 5 ಸೆಂಟಿಮೀಟರ್ ನೀರು ಉಳಿಯಲೇಬೇಕು.

ಆ ನೀರಿನಡಿಯ ಲೋಳೆಪದರವೇ ರೋಗಾಣುಗಳನ್ನು ತಿನ್ನುವುದು. ಅದು ಬೆಳೆಯಲು ಮೂವತ್ತು ದಿನದವರೆಗೂ ಹಿಡಿಯುತ್ತದೆ. ಸ್ವಯಂಸೇವಕರ ವಾಪಸು ಟಿಕೀಟು ಸಾಮಾನ್ಯವಾಗಿ ಎರಡು ವಾರಕ್ಕೆ! ಗೋಡೆಗೆ ಬಣ್ಣ ಬಳಿದು, ಫೋಟೋ ತೆಗೆಸಿಕೊಂಡು ಹೊರಡುವ ತಂಡಗಳ ಬಗ್ಗೆ ಹೆಚ್ಚು ಹೇಳುವುದು ಬೇಡ.

ಹಾಗಾಗಿ ಸೋಸುಗ ಹಾಕಿದ ಮನೆಯ ದೀದಿ (ಅಕ್ಕ) ಕೇಳಿದ ಪ್ರಶ್ನೆಯೇ ಸರಿ.

“ನೀವು ಹೋದ ಮೇಲೆ ನೀರು ನಿಂತುಬಿಟ್ಟರೆ?”

“ನಿಲ್ಲುತ್ತದೆ ದೀದಿ. ಇಲ್ಲಿನ ನೀರಲ್ಲಿ ಕಬ್ಬಿಣ ಜಾಸ್ತಿ, ಬೇಗ ಕಟ್ಟುತ್ತದೆ.”

“ಬ್ಲೀಚಿಂಗ್ ಪುಡಿ ಹಾಕಲೇ?”

“ಬೇಡವೇ ಬೇಡ, ಪದರ ಸತ್ತುಹೋಗುತ್ತದೆ. ಬೋಗುಣಿ ಎತ್ತಿಟ್ಟು ಅಂಗೈಯಿಂದ ಮೇಲಿನ ಮರಳನ್ನಷ್ಟೇ ಮೆಲ್ಲಗೆ ಕದಡಿ, ಕೆಂಪು ನೀರನ್ನು ಮೊಗೆದು ಹಾಕಿ. ಆಳಕ್ಕೆ ಬೆರಳು ಇಳಿಸಬೇಡಿ.”

“ಮೊಗೆದ ನೀರು?”

“ಅದರಲ್ಲಿ ವಿಷವಿದೆ. ಪಂಪಿನಿಂದ, ತರಕಾರಿ ಪಾತಿಯಿಂದ ದೂರ ಗುಂಡಿ ತೋಡಿ ಸುರಿಯಿರಿ.”

ದೀದಿ ಸೀರೆ ಎತ್ತಿಕಟ್ಟಿ, ಬಳೆ ಮೇಲೆ ಸರಿಸಿ ಕೈಯಿಳಿಸಿದಳು. ಎರಡು ಸಲ ಮೊಗೆದು, ಮೇಲೆ ನೀರು ಹುಯ್ದು, ನಳಿಗೆಯ ಕೆಳಗೆ ಪಂಪಿನ ಬಳಿಯಿದ್ದ ಬಕೆಟ್ಟನ್ನೇ ಇಟ್ಟಳು. ಅಷ್ಟರಲ್ಲಿ ಮಗಳು ಅದನ್ನು ಪಕ್ಕಕ್ಕೆ ತಳ್ಳಿ, ಒಳಗಿಂದ ಮುಚ್ಚಳದ ಬಿಂದಿಗೆ ತಂದಿಟ್ಟಳು.