ಗಾಳಿಪಟ ಸಿಕ್ಕಿಕೊಂಡ ಮೇಲೆ ಕಂಡ ತಂತಿ

ಅಮೆರಿಕದ ಅರ್ಕಾನ್ಸಾದಲ್ಲಿ ಬೆಳಗಿನ ಆರೂವರೆ ಅಂದರೆ ಬೆಂಗಳೂರಿನಲ್ಲಿ ಸಂಜೆ ಐದು. ಮೊನ್ನೆ ಭಾನುವಾರ ಅಣ್ಣನ ಮನೆಗೆ ವಿಡಿಯೋ ಕಾಲ್ ಮಾಡಿದಾಗ ನಮ್ಮ ಹಿತ್ತಲಾಚೆಯ ಭತ್ತದ ಗದ್ದೆಗೆ ಹಳದಿ ವಿಮಾನವೊಂದು ಯೂರಿಯಾ ಎರಚುತ್ತಿತ್ತು. ಫೋನನ್ನು ಆ ಕಡೆ ತಿರುಗಿಸಿದೆ. ಗದ್ದೆಯ ಕೊನೆಯಲ್ಲಿ ವಿಮಾನ ಮೂತಿ ಎತ್ತಿ, ಒಂದು ರೆಕ್ಕೆಯ ಮೇಲೆ ವಾಲಿ ತಿರುಗಿದ್ದನ್ನು ಕಂಡು ಅತ್ತಿಗೆ "ಅಯ್ಯೋ, ಬಿತ್ತು ಬಿತ್ತು" ಎಂದು ಕೂಗಿಕೊಂಡರು. ಅಣ್ಣನ ಮಗ ಆಗಷ್ಟೇ ತಾರಸಿಯಿಂದ ಇಳಿದು ಬಂದಿದ್ದ. ಆಷಾಢದ ಗಾಳಿ, ಕೈಯಲ್ಲಿ ನೂಲಿನ ಉಂಡೆ ಮಾತ್ರ ಉಳಿದಿತ್ತು, ಪಟ ಇರಲಿಲ್ಲ. ಅವನು ಕೇಳಿದ್ದು ಬೇರೆ: "ಅತ್ತೆ, ಆ ಅಂಕಲ್‌ಗೆ ವೈರ್ ಕಾಣ್ಸುತ್ತಾ? ನಂಗೆ ಗಾಳಿಪಟ ಸಿಕ್ಕಾಕ್ಕೊಂಡ್ ಮೇಲೇನೇ ಅಲ್ಲಿ ವೈರ್ ಇದೆ ಅಂತ ಗೊತ್ತಾಗಿದ್ದು."

ವಿಮಾನದಿಂದ ಗದ್ದೆಗೆ ಗೊಬ್ಬರ, ಔಷಧಿ ಬಿಡುವ ಈ ಕಸುಬಿನಲ್ಲಿ ಸತ್ತವರ ಲೆಕ್ಕ ಬರೆಯುವವರು ಮೊದಲು ಕೇಳುವ ಪ್ರಶ್ನೆಯೂ ಅದೇ. ಒಂಬತ್ತು ವರ್ಷದ ಹುಡುಗನಿಗೆ ಹೊಳೆದಿದೆ.

ಕಾಣುವುದಿಲ್ಲ. ಪೈರಿನಿಂದ ಮೂರು ಮೀಟರ್ ಎತ್ತರದಲ್ಲಿ, ಗಂಟೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹೋಗುವವನಿಗೆ ಬೆರಳು ದಪ್ಪದ ತಂತಿ ಕಾಣುವುದು ತೀರ ಹತ್ತಿರ ಬಂದಾಗಲೇ. ಹೊಸ ತಂತಿಗೆ ಒಂದಿಷ್ಟು ಹೊಳಪಾದರೂ ಇರುತ್ತದೆ. ಹತ್ತು ಮಳೆಗಾಲ ಕಂಡದ್ದು ಆಕಾಶದ ಬಣ್ಣಕ್ಕೇ ತಿರುಗಿರುತ್ತದೆ. ಅದಕ್ಕೇ ಇಲ್ಲಿನ ಪೈಲಟ್‌ಗಳು ತಂತಿ ಹುಡುಕುವುದಿಲ್ಲ, ಕಂಬ ಹುಡುಕುತ್ತಾರೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ. ಒಂಟಿ ಕಂಬದಲ್ಲಿ ಪಿಂಗಾಣಿ ಬಿಲ್ಲೆಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆ ತಂತಿ ಇದೆ. ಮರಗಳ ಮರೆಯಲ್ಲಿ ಬೋರ್‌ವೆಲ್ ಮೋಟಾರ್ ಇದ್ದರೆ ಅಲ್ಲಿಗೂ ಒಂದು ಎಳೆ ಬಂದೇ ಬಂದಿರುತ್ತದೆ. ಔಷಧಿ ಬಿಡುವ ಮೊದಲು ಎತ್ತರದಲ್ಲಿ ಗದ್ದೆಗೆ ಒಂದು ಸುತ್ತು ಹಾಕಿ ಇದನ್ನೆಲ್ಲ ನೋಡಿಕೊಳ್ಳುವುದು ಕಡ್ಡಾಯದ ಅಭ್ಯಾಸ.

ನೋಡಿಕೊಂಡರೂ ಸಾಲದು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ 2001ರಿಂದ 2010ರವರೆಗೆ ತಂತಿಗೆ ಬಡಿದ 180 ಅಪಘಾತಗಳನ್ನು ಲೆಕ್ಕ ಹಾಕಿತು. ನೂರು ಕೃಷಿ ಹಾರಾಟದವೇ. ಅಲ್ಲಿ ತಂತಿ ಇದೆ ಎಂದು ಬಡಿಯುವ ಮೊದಲೇ ಗೊತ್ತಿದ್ದ ಪೈಲಟ್‌ಗಳು ಶೇಕಡಾ 63. ಈ ಅಂಕಿ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಹದಿನೈದು ಸಲ ಅದೇ ತಂತಿಯ ಕೆಳಗೆ ನುಸುಳಿ ಹೋದವನು ಹದಿನಾರನೇ ಸಲ ಮರೆಯುತ್ತಾನೆ. ಸಾಲು ತೋರಿಸುವ ಜಿಪಿಎಸ್ ಪಟ್ಟಿಯ ದೀಪ ನೋಡುತ್ತಿರುತ್ತಾನೆ, ಹಿಂದಿನ ಸಾಲು ತಪ್ಪಿತೇ ಎಂದು ಯೋಚಿಸುತ್ತಿರುತ್ತಾನೆ, ಇಲ್ಲವೇ ನಸುಕಿಗೆ ಎದ್ದು ಇಪ್ಪತ್ತು ಮೂವತ್ತು ಸಲ ಇಳಿದು ಏರಿ ದಣಿದಿರುತ್ತಾನೆ. ಅಮೆರಿಕದಲ್ಲಿ ಸಾರಿಗೆ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ 2013ರ ಒಂದೇ ವರ್ಷದ 78 ಕೃಷಿ ವಿಮಾನ ಅಪಘಾತಗಳನ್ನು ಬಿಡಿಸಿ ನೋಡಿ 2014ರಲ್ಲಿ ವರದಿ ಕೊಟ್ಟಿತು. ಅದು ಎತ್ತಿ ಹೇಳಿದ ಕೊರತೆಗಳಲ್ಲೂ ದಣಿವು ಇದೆ.

ತಂತಿ ಬಿಟ್ಟರೆ ಹೆಚ್ಚು ಜೀವ ತೆಗೆದಿರುವುದು ಅತ್ತಿಗೆಯನ್ನು ಬೆಚ್ಚಿಬೀಳಿಸಿದ ಆ ತಿರುವು. ಗದ್ದೆ ಮುಗಿದೊಡನೆ ಪೈಲಟ್ ಮೇಲೇರುತ್ತಾನೆ, ಗಾಳಿ ಹೋಗುವ ಕಡೆಗೆ ಸ್ವಲ್ಪ ವಾಲಿ ದೂರ ಸರಿಯುತ್ತಾನೆ, ಆಮೇಲೆ ಗಾಳಿಗೆ ಎದುರಾಗಿ ದೊಡ್ಡ ತಿರುವು ತೆಗೆದು ಮುಂದಿನ ಸಾಲಿಗೆ ಇಳಿಯುತ್ತಾನೆ. ರೆಕ್ಕೆ ಅರವತ್ತು ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿದರೆ ವಿಮಾನದ ಮೇಲಿನ ಭಾರ ಎರಡರಷ್ಟಾಗುತ್ತದೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಶೇಕಡಾ 41 ಏರುತ್ತದೆ. ನೂರರಲ್ಲಿ ಹಾರುತ್ತಿದ್ದದ್ದಕ್ಕೆ ಈಗ 141 ಬೇಕು. ವೇಗ ಅದಕ್ಕಿಂತ ಇಳಿಯಿತೋ, ಒಳಗಿನ ರೆಕ್ಕೆ ಕುಸಿಯುತ್ತದೆ. ಸಾವಿರ ಮೀಟರ್ ಮೇಲಿದ್ದರೆ ಸರಿಪಡಿಸಿಕೊಳ್ಳಬಹುದು, ಐವತ್ತು ಮೀಟರಿನಲ್ಲಿ ಜಾಗವೇ ಇಲ್ಲ. ಔಷಧಿಯ ತೊಟ್ಟಿ ತುಂಬಿದ ಮೊದಲ ತಿರುವು, ಮಧ್ಯಾಹ್ನದ ಬಿಸಿಗೆ ತೆಳುವಾದ ಗಾಳಿ, ಬೇಗ ಮುಗಿಸುವ ಆತುರ ಮೂರೂ ಕೂಡಿದ ದಿನ ಅಪಾಯದ ದಿನ. ಎಂಜಿನ್ ಸೋತರೆ ಮಾಡುವ ಮೊದಲ ಕೆಲಸ ತೊಟ್ಟಿಯ ತಳದ ಬಾಗಿಲು ತೆರೆಯುವುದು. ಸುಮಾರು 1,900 ಲೀಟರ್ ಹಿಡಿಸುವ ವಿಮಾನದಲ್ಲಿ ಎರಡು ಟನ್ನಿನಷ್ಟು ಭಾರ ಕೆಲವೇ ಸೆಕೆಂಡಿನಲ್ಲಿ ಕೆಳಗೆ ಹೋಗುತ್ತದೆ. ಅದಕ್ಕೇ ಆ ಹಿಡಿಕೆ ಎಡಗೈಗೆ ನೋಡದೆ ಸಿಗುವಂತಿರುತ್ತದೆ.

1921ರ ಆಗಸ್ಟ್ 3ರಂದು ಒಹಾಯೋದ ಟ್ರಾಯ್ ಊರಿನ ಹತ್ತಿರ, ಹುಳ ಬಿದ್ದ ಕಟಾಲ್ಪಾ ತೋಪಿನ ಮೇಲೆ ಪೈಲಟ್ ಜಾನ್ ಮ್ಯಾಕ್ರೆಡಿ ಸೇನೆಯ ಹಳೇ ಜೆನ್ನಿ ವಿಮಾನದಿಂದ ಸೀಸದ ಆರ್ಸೆನೇಟ್ ಎಂಬ ಹುಳ ಕೊಲ್ಲುವ ಪುಡಿ ಉದುರಿಸಿದ್ದು ಮೊದಲು. ಮುಂದೆ ಮೂವತ್ತು ವರ್ಷ ಹೆಚ್ಚಾಗಿ ಇನ್ಯಾವುದಕ್ಕೋ ಮಾಡಿದ ವಿಮಾನಗಳೇ ಈ ಕೆಲಸ ಮಾಡಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ತರಬೇತಿ ವಿಮಾನಗಳಿಗೆ ತೊಟ್ಟಿ ಕೂರಿಸಿಕೊಂಡರು. ಕೆಲವದರಲ್ಲಿ ತೊಟ್ಟಿ ಪೈಲಟ್‌ನ ಬೆನ್ನ ಹಿಂದೆ. ಬಿದ್ದಾಗ ವಿಮಾನ ನಿಲ್ಲುತ್ತದೆ, ತೊಟ್ಟಿ ನಿಲ್ಲುವುದಿಲ್ಲ.

ಇದನ್ನು ಬದಲಿಸಿದವರು ವಿಮಾನ ವಿನ್ಯಾಸಕ ಫ್ರೆಡ್ ವೈಕ್. ಟೆಕ್ಸಾಸ್‌ನ ಕೃಷಿ ಕಾಲೇಜಿನಲ್ಲಿ ಅವರು ಕಟ್ಟಿದ ಎಜಿ-1 ವಿಮಾನ 1950ರಲ್ಲಿ ಹಾರಿತು. ಇಂಥ ವಿಮಾನ ಒಂದಲ್ಲ ಒಂದು ದಿನ ಬೀಳುತ್ತದೆ, ಬಿದ್ದಾಗ ಮನುಷ್ಯ ಉಳಿಯಬೇಕು ಎಂದು ಮೊದಲೇ ಒಪ್ಪಿಕೊಂಡು ಗೆರೆ ಎಳೆದರು. ಮುಂದೆ ಎಂಜಿನ್, ಅದರ ಹಿಂದೆ ತೊಟ್ಟಿ, ಎಲ್ಲಕ್ಕಿಂತ ಹಿಂದೆ ಎತ್ತರದಲ್ಲಿ ಪೈಲಟ್. ನೆಲಕ್ಕೆ ಬಡಿದಾಗ ಮೂತಿಯೂ ತೊಟ್ಟಿಯೂ ನುಜ್ಜಾಗುತ್ತಾ ಪೆಟ್ಟನ್ನು ನುಂಗಿಕೊಳ್ಳುತ್ತವೆ. ಸುತ್ತ ಉಕ್ಕಿನ ಕೊಳವೆಯ ಪಂಜರ, ಎರಡೂ ಭುಜಕ್ಕೆ ಪಟ್ಟಿ. ಇವತ್ತು ನಮ್ಮ ಹಿತ್ತಲಾಚೆ ಹಾರುವ ವಿಮಾನದ ಮೈಕಟ್ಟೂ ಅದೇ. ಹತ್ತಿರ ನಿಂತು ನೋಡಿದರೆ ಮುಂದಿನ ಗಾಜಿನ ನಡುವೆ, ಚಕ್ರದ ಕಾಲುಗಳ ಮುಂದೆ ಹರಿತವಾದ ಉಕ್ಕಿನ ಅಲಗು ಕಾಣುತ್ತದೆ. ಅದು ತಂತಿ ಕತ್ತರಿಸಲಿಕ್ಕೆ. ಪೈಲಟ್ ಗೂಡಿನ ನೆತ್ತಿಯಿಂದ ಬಾಲದ ತುದಿಯವರೆಗೆ ಬಿಗಿದ ಉಕ್ಕಿನ ಹಗ್ಗ, ಜಾರಿ ಬಂದ ತಂತಿ ಬಾಲಕ್ಕೆ ಸಿಕ್ಕದೆ ಮೇಲಿಂದಲೇ ದಾಟಿ ಹೋಗಲಿ ಎಂದು.

ಅಣ್ಣನ ಮನೆ ವಿಮಾನಪುರದಲ್ಲಿ. ಆ ಬೀದಿಯ ಪಕ್ಕದ ಎಚ್‌ಎಎಲ್‌ನಲ್ಲೇ ಇಂಥದೊಂದು ವಿಮಾನ ತಯಾರಾಗುತ್ತಿತ್ತು ಎಂದರೆ ಹುಡುಗ ನಂಬಲಿಲ್ಲ. ಹೆಸರು ಬಸಂತ್. 1972ರಲ್ಲಿ ಹಾರಿದ್ದು, 400 ಅಶ್ವಶಕ್ತಿಯ ಎಂಟು ಸಿಲಿಂಡರ್ ಎಂಜಿನ್, ಎತ್ತರದಲ್ಲಿ ಪೈಲಟ್ ಗೂಡು. ನಲವತ್ತರ ಆಸುಪಾಸು ತಯಾರಾಗಿ ನಿಂತುಹೋಯಿತು. ತೇಜಸ್ ಬಗ್ಗೆ ಎಲ್ಲ ಹೇಳಬಲ್ಲ ಬೆಂಗಳೂರಿನ ಮಕ್ಕಳಿಗೆ ಬಸಂತ್ ಹೆಸರೇ ಗೊತ್ತಿಲ್ಲ ಅನ್ನುವುದು ನನಗೆ ನೋವಿನ ಸಂಗತಿ.

"ಈಗ ಡ್ರೋನ್ ಬಂದಿದೆಯಲ್ಲ, ಪೈಲಟ್ ಸಾಯೋದಿಲ್ಲ" ಎಂದ ಅಣ್ಣ. ನಿಜ, ದೊಡ್ಡ ನೆಮ್ಮದಿ. ಆದರೆ ತಂತಿ ಅಲ್ಲೇ ಇದೆ. ನಮ್ಮ ಪಂಪ್‌ಸೆಟ್ಟಿನ ಜೋತುಬಿದ್ದ ತಂತಿಗಳು ಡ್ರೋನ್ ಹಾರುವ ಎತ್ತರಕ್ಕೇ ಇವೆ. ಗಾಳಿಯೂ ಅಲ್ಲೇ ಇದೆ. ಬೆನ್ನಿಗೆ ಹಾಕಿಕೊಳ್ಳುವ ಪಂಪಿನಲ್ಲಿ ಎಕರೆಗೆ ನೂರೈವತ್ತು ಇನ್ನೂರು ಲೀಟರ್ ನೀರಿನಲ್ಲಿ ಕಲಸುವ ಔಷಧಿಯನ್ನು ಡ್ರೋನಿಗೆ ಹತ್ತೇ ಲೀಟರಿನಲ್ಲಿ ಕಲಸುತ್ತಾರೆ. ಪಕ್ಕದ ಮನೆಯಂಗಳಕ್ಕೆ ತೇಲಿ ಹೋಗುವ ಒಂದೊಂದು ಹನಿಯೂ ಅಷ್ಟು ಗಟ್ಟಿ. ಇಲ್ಲಿನ ವಿಮಾನಗಳಲ್ಲಿ ಹೊಗೆಕೊಳವೆಗೆ ಒಂದಿಷ್ಟು ಎಣ್ಣೆ ಬಿಟ್ಟು ಬಿಳಿ ಹೊಗೆ ಎಬ್ಬಿಸುವ ಗುಂಡಿ ಇದೆ. ಹೊಗೆ ಯಾವ ಕಡೆ ಹೋಯಿತು ಎಂದು ನೋಡಿಯೇ ಔಷಧಿ ಬಿಡುತ್ತಾರೆ. ಹೊಗೆ ಮೇಲೇರದೆ ಚಾದರದ ಹಾಗೆ ಅಡ್ಡಕ್ಕೆ ಹರಡಿ ನಿಂತರೆ ಅವತ್ತಿನ ಕೆಲಸ ಬಂದ್. ಗಾಳಿಯೇ ಇಲ್ಲದ ಬೆಳಗು ಒಳ್ಳೆಯದು ಅಂದುಕೊಳ್ಳುತ್ತೇವೆ, ಸಣ್ಣ ಹನಿ ಕೆಳಗಿಳಿಯದೆ ಮೈಲುಗಟ್ಟಲೆ ತೇಲುವುದು ಅಂಥ ಬೆಳಗಿನಲ್ಲೇ. ಹನಿ ರೆಕ್ಕೆತುದಿಯ ಸುಳಿಗೆ ಸಿಕ್ಕಬಾರದೆಂದು ನಳಿಕೆಗಳ ಸಾಲನ್ನೂ ರೆಕ್ಕೆಯ ಮುಕ್ಕಾಲಿಗೇ ನಿಲ್ಲಿಸುತ್ತಾರೆ.

ಇಷ್ಟು ಹೇಳುವಾಗ ಕೊಕ್ಕಡ ನೆನಪಾಗದೆ ಇರುವುದಿಲ್ಲ. ಬೆಳ್ತಂಗಡಿ, ಪುತ್ತೂರು ಕಡೆಯ ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಮನೆ, ಬಾವಿ, ಶಾಲೆಗೆ ಹೋಗುವ ಮಕ್ಕಳು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು 2011ರ ಮೇ ತಿಂಗಳಲ್ಲಿ. ಮೇಲೆ ಹಾರಿದವನ ಅಪಘಾತಕ್ಕೆ ಲೆಕ್ಕವಿದೆ, ತನಿಖೆಯಿದೆ. ಕೆಳಗೆ ನಿಂತವರು ತಮ್ಮ ಲೆಕ್ಕವನ್ನು ತಾವೇ ಹೋರಾಡಿ ಬರೆಸಬೇಕಾಯಿತು.

ಇಲ್ಲೂ ಎಲ್ಲ ತಾನಾಗಿ ಆಗಿಲ್ಲ. ಗಾಳಿ ಅಳೆಯಲು ನಿಲ್ಲಿಸುವ ತೆಳು ಉಕ್ಕಿನ ಗೋಪುರಗಳು ಬೇಕೆಂದೇ 200 ಅಡಿಗಿಂತ ಚೂರು ಗಿಡ್ಡ ಇರುತ್ತಿದ್ದವು, ಅದನ್ನು ಮೀರಿದರೆ ಮಾತ್ರ ಗುರುತು ಹಾಕಬೇಕಿತ್ತು. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಓಕ್ಲಿ ಬಳಿ ಅಂಥದೊಂದಕ್ಕೆ ಬಡಿದು ಪೈಲಟ್ ತೀರಿಕೊಂಡ. ಆ ರಾಜ್ಯ ಮರುವರ್ಷವೇ ಕಾನೂನು ತಂದಿತು, ದೇಶದ ಕಾನೂನು ಬರಲು 2016 ಆಯಿತು. ಈಗ ಕಿತ್ತಳೆ ಬಿಳಿ ಪಟ್ಟಿ, ಬಿಗಿದ ತಂತಿಗಳಿಗೆ ದೂರದಿಂದಲೇ ಕಾಣುವ ಬಣ್ಣದ ಚೆಂಡು. ಹುಡುಗನಿಗೆ ಆ ಚೆಂಡುಗಳ ಚಿತ್ರ ಕಳಿಸಿದ್ದೆ.

ನಿನ್ನೆ ಅತ್ತಿಗೆ ಫೋನ್ ಮಾಡಿದ್ದರು. ಲೈನ್‌ಮನ್ ಬಂದು ಗಾಳಿಪಟ ಕಿತ್ತು ಕೊಡುತ್ತೇನೆ ಎಂದರೆ ಇವನು ಬೇಡ ಅಂದನಂತೆ. "ಇರ್ಲಿ ಅಂಕಲ್, ವೈರ್ ಎಲ್ಲಿದೆ ಅಂತ ಗೊತ್ತಾಗುತ್ತೆ."